ಶಲ್ಯದ ಕೆಳಗಿನ ಲೆಕ್ಕ

ತಂಗೀ,

ಬೆಂಗಳೂರಿನ ವೈರ್‌ಲೆಸ್ ಕಂಪನಿಯ ಲೈಸೆನ್ಸಿಂಗ್ ವಿಭಾಗದಲ್ಲಿ ನಿನಗೆ ಕೆಲಸ ಸಿಕ್ಕಿತೆಂದು ಅಕ್ಕ ಮೊನ್ನೆ ಫೋನ್ ಮಾಡಿದ್ದಳು. "ಇಂಜಿನಿಯರಿಂಗ್ ಓದಿದ ಹುಡುಗಿ, ಮಷಿನ್ ಬಿಟ್ಟು ಕಾಗದ ನೋಡೋ ಕೆಲಸಕ್ಕ ಹೊಂಟಾಳ, ನೀನರ ಒಂದ್ ಮಾತು ಹೇಳು" ಅಂದಳು. ಹೇಳುತ್ತೇನೆ, ಆದರೆ ಹೋಗಬೇಡ ಎಂದು ಹೇಳುವುದಕ್ಕಲ್ಲ. ಮನ್ನಾಏಖೇಳ್ಳಿ ಕ್ರಾಸಿನಲ್ಲಿ ಹೈದರಾಬಾದ್ ಬಸ್ಸು ಹತ್ತಿ ಹೋದವನು ನಾನು. ಬದುಕಿನ ಹೆಚ್ಚಿನ ಭಾಗ ಆ ಕಾಗದಗಳ ನಡುವೆಯೇ ಕಳೆದೆ. ಈಗ ಊರಿಗೆ ಬಂದು ತೊಗರಿ ಹೊಲದ ಬದುವಿನಲ್ಲಿ ನಿಂತಾಗಲೂ ಲೈಸೆನ್ಸಿನ ಮಾತುಕತೆ ನಡೆಯುವ ಕೋಣೆಗಳ ಮಾತು ಕಿವಿಯಲ್ಲಿ ಇದೆ. ನಿನಗೆ ಹೇಳಬೇಕಾದದ್ದನ್ನು ನಾನು ಕಲಿತದ್ದು ಮಾತ್ರ ಆ ಕೋಣೆಗಳಿಗಿಂತ ಮೊದಲು, ನಿನ್ನ ಅಜ್ಜನ ಹೆಗಲ ಮೇಲಿನ ಶಲ್ಯದ ಕೆಳಗೆ.

ಅಜ್ಜ ದೇವಣಿ ಎತ್ತಿನ ವ್ಯಾಪಾರ ಮಾಡುತ್ತಿದ್ದದ್ದು ನಿನಗೆ ಗೊತ್ತು. ಸಂತೆಯಲ್ಲಿ ಎತ್ತಿನ ಹಲ್ಲು ನೋಡುವುದು, ಸುಳಿ ನೋಡುವುದು, ನಾಲ್ಕು ಹೆಜ್ಜೆ ನಡೆಸಿ ನೋಡುವುದು ಎಲ್ಲ ಬಯಲಿನಲ್ಲಿ ನಡೆಯುತ್ತಿತ್ತು. ಬೆಲೆ ಮಾತ್ರ ಶಲ್ಯದ ಕೆಳಗೆ. ಕೊಳ್ಳುವವನ ಕೈ, ಮಾರುವವನ ಕೈ ಒಂದೇ ಬಟ್ಟೆಯೊಳಗೆ. ಹಿಡಿದ ಬೆರಳೇ ಅಂಕಿ. ಸುತ್ತ ನಿಂತ ಹತ್ತು ಜನರಿಗೆ ಕಾಣುವುದು ಇಬ್ಬರ ಮುಖ ಮಾತ್ರ. ನಾನು ಚಿಕ್ಕವನಿದ್ದಾಗ ಒಮ್ಮೆ ಕೇಳಿದೆ, ನೀನು ಮೊದಲ ಬೆರಳು ಹೇಗೆ ನಿಶ್ಚಯ ಮಾಡುತ್ತೀ ಎಂದು. "ಈ ಎತ್ತು ನಾನೇ ಕೊಳ್ಳಾಂವ ಇದ್ರ ಎಷ್ಟು ಕೊಡ್ತಿದ್ದೆ ಅಂತ ಮೊದಲ ನೋಡ್ಕೋತೀನಿ. ಈ ಸಂತ್ಯಾಗ ಕೊಟ್ಟಾಂವ ಮುಂದಿನ ಸಂತ್ಯಾಗ ತಗೋಳಾಂವ ಆಗ್ತಾನ" ಅಂದ. ಅವನು ಎತ್ತಿನ ಮಾತು ಆಡಿದ್ದ. ನನ್ನ ಕೆಲಸಕ್ಕೆ ಬಂದದ್ದು ಅದೊಂದೇ ಮಾತು.

ನೀನು ಕೂರಲಿರುವ ಮೇಜಿನಲ್ಲೂ ಹಾಗೆಯೇ. ನಿನ್ನ ಕೈಯ ಫೋನು ಹೈದರಾಬಾದಿನಲ್ಲಿ, ಬೀದರಿನಲ್ಲಿ, ಜರ್ಮನಿಯಲ್ಲಿ ಒಂದೇ ರೀತಿ ಟವರಿನ ಜೊತೆ ಮಾತಾಡಬೇಕಾದರೆ ಎಲ್ಲ ಕಂಪನಿಗಳೂ ಒಂದೇ ನಿಯಮಕ್ಕೆ ಒಪ್ಪಬೇಕು. ಆ ನಿಯಮಗಳ ಪುಸ್ತಕವೇ ಸ್ಟ್ಯಾಂಡರ್ಡ್. 1998ರಿಂದ ಅದನ್ನು ಬರೆಯುತ್ತಿರುವ ಕೂಟ 3ಜಿಪಿಪಿ. ಆ ಪುಸ್ತಕದ ಎಷ್ಟೋ ಪುಟಗಳ ಹಿಂದೆ ಯಾರದೋ ಪೇಟೆಂಟ್ ಇರುತ್ತದೆ. ಆ ಪುಟ ಬಿಟ್ಟು ಫೋನು ಮಾಡಲು ಬರುವುದಿಲ್ಲ ಎಂದಾದರೆ ಅದು ಅನಿವಾರ್ಯ ಪೇಟೆಂಟ್. ನಿನ್ನ ಆಫೀಸಿನಲ್ಲಿ ಎಸ್‌ಇಪಿ ಎನ್ನುತ್ತಾರೆ. ಬೇರೆ ದಾರಿಯೇ ಇಲ್ಲದವನ ಹತ್ತಿರ ಬಾಯಿಗೆ ಬಂದಷ್ಟು ಕೇಳಬಾರದು ಎಂದು, ಪುಸ್ತಕಕ್ಕೆ ತನ್ನ ಪುಟ ಸೇರಿಸುವ ಕಂಪನಿ ಮಾತು ಕೊಡಬೇಕಾಗುತ್ತದೆ: ನ್ಯಾಯವಾದ, ಹದವಾದ, ಒಬ್ಬರಿಗೊಂದು ಇನ್ನೊಬ್ಬರಿಗೊಂದು ಮಾಡದ ಷರತ್ತಿನ ಮೇಲೆ ಲೈಸೆನ್ಸ್ ಕೊಡುತ್ತೇನೆ ಎಂದು. ಇದೇ ಫ್ರಾಂಡ್. ಎಷ್ಟು ರೂಪಾಯಿ ಎಂದು ಆ ಮಾತಿನಲ್ಲಿ ಎಲ್ಲೂ ಇಲ್ಲ. ಆ ಖಾಲಿ ಜಾಗವನ್ನು ತುಂಬುವುದೇ ನಿನ್ನ ಕೆಲಸ.

ಇದು ಮೊಬೈಲ್ ಕಾಲದ ತಂಟೆ ಎಂದುಕೊಳ್ಳಬೇಡ. ರೇಡಿಯೋ ವಾಲ್ವಿನ ಕಥೆ ಕೇಳು. ಫ್ಲೆಮಿಂಗ್ ಕಂಡುಹಿಡಿದ ಎರಡು ತಂತಿಯ ವಾಲ್ವಿನ ಪೇಟೆಂಟ್ ಮಾರ್ಕೋನಿ ಕಂಪನಿಯ ಕೈಯಲ್ಲಿತ್ತು. ಲೀ ಡಿ ಫಾರೆಸ್ಟ್ ಅದಕ್ಕೆ ಮೂರನೆಯ ತಂತಿಯೊಂದನ್ನು ಸೇರಿಸಿ ತನ್ನ ಪೇಟೆಂಟ್ ಪಡೆದ. 1916ರಲ್ಲಿ ಅಮೆರಿಕದ ಕೋರ್ಟಿನಲ್ಲಿ ಇಬ್ಬರೂ ಒಬ್ಬರ ಹಕ್ಕನ್ನು ಇನ್ನೊಬ್ಬರು ಮುರಿದವರೆಂದು ಆಯಿತು. ಮೂರು ತಂತಿಯ ಆ ಒಳ್ಳೆಯ ವಾಲ್ವನ್ನು ಮಾರ್ಕೋನಿ ಮಾಡುವಂತಿಲ್ಲ, ಡಿ ಫಾರೆಸ್ಟನೂ ಮಾಡುವಂತಿಲ್ಲ. ಅಣ್ಣತಮ್ಮಂದಿರು ಪಾಲಾಗಿ, ಬಾವಿ ಒಬ್ಬನ ಹೊಲದಲ್ಲಿ, ಮೋಟರು ಇನ್ನೊಬ್ಬನ ಹೊಲದಲ್ಲಿ ಉಳಿದ ಹಾಗೆ. ಮೊದಲ ಮಹಾಯುದ್ಧದ ಗಡಿಬಿಡಿಯಲ್ಲಿ ಸರಕಾರವೇ ನಡುವೆ ಬಂದು ವಾಲ್ವು ಮಾಡಿಸಿಕೊಂಡಿತು. ಯುದ್ಧ ಮುಗಿದ ಮೇಲೆ, 1919ರಿಂದ ಎರಡು ಮೂರು ವರ್ಷಗಳಲ್ಲಿ ಆರ್‌ಸಿಎ, ಜನರಲ್ ಎಲೆಕ್ಟ್ರಿಕ್, ಎಟಿ ಆಂಡ್ ಟಿ, ವೆಸ್ಟಿಂಗ್‌ಹೌಸ್ ಕಂಪನಿಗಳು ಕೂತು ಒಬ್ಬರ ಪೇಟೆಂಟ್ ಇನ್ನೊಬ್ಬರು ಬಳಸುವ ಕರಾರು ಮಾಡಿಕೊಂಡವು. ಮನೆಮನೆಗೆ ರೇಡಿಯೋ ಬಂದದ್ದು ಆಮೇಲೆ.

ಕೂರುವ ಜಾಗ ಬದಲಾಗುತ್ತದೆ ಎಂದು ಅಜ್ಜ ಹೇಳಿದ್ದು ಇಲ್ಲಿ ಹೇಗೆ ನಡೆಯುತ್ತದೆ ನೋಡು. ಒಂದು ಕಾಲದಲ್ಲಿ ನಮ್ಮೂರಿನ ಪ್ರತಿ ಜೇಬಿನಲ್ಲೂ ನೋಕಿಯಾ ಫೋನು. ಆ ಕಂಪನಿಯೂ ಕ್ವಾಲ್‌ಕಾಮ್ ಕಂಪನಿಯೂ 2005ರಿಂದ ಖಂಡಖಂಡದ ಕೋರ್ಟುಗಳಲ್ಲಿ ಕಾದಾಡಿದವು. ಕ್ವಾಲ್‌ಕಾಮ್ ಪೇಟೆಂಟಿಗೆ ಕೇಳುವ ರಾಯಲ್ಟಿ ಹೆಚ್ಚಾಯಿತು ಎಂದು ಫೋನು ಮಾಡುವ ನೋಕಿಯಾ ಎನ್ನುತ್ತಿತ್ತು. 2008ರ ಜುಲೈಯಲ್ಲಿ 15 ವರ್ಷದ ಒಪ್ಪಂದಕ್ಕೆ ಸಹಿ ಬಿತ್ತು. ಮುಂದೆ 2014ರಲ್ಲಿ ನೋಕಿಯಾ ತನ್ನ ಫೋನಿನ ವ್ಯಾಪಾರವನ್ನು ಮೈಕ್ರೋಸಾಫ್ಟ್‌ಗೆ ಮಾರಿತು, ಪೇಟೆಂಟುಗಳನ್ನು ಮಾತ್ರ ತನ್ನಲ್ಲೇ ಇಟ್ಟುಕೊಂಡಿತು. ಅಂದಿನಿಂದ ಫೋನಿನ ಮಟ್ಟಿಗೆ ಅದು ಮುಖ್ಯವಾಗಿ ರಾಯಲ್ಟಿ ಕೇಳುವ ಕಡೆ. 2023ರ ಜುಲೈಯಲ್ಲಿ ದೆಹಲಿ ಹೈಕೋರ್ಟಿನ ವಿಭಾಗೀಯ ಪೀಠದಿಂದ ಒಪ್ಪೋ ಕಂಪನಿ ಠೇವಣಿ ಇಡಬೇಕೆಂಬ ಆದೇಶ ಪಡೆದದ್ದು ಇದೇ ನೋಕಿಯಾ; 2024ರ ಜನವರಿಯಲ್ಲಿ ಇಬ್ಬರೂ ರಾಜಿಯಾದರು. ಬೇರೆಯವರ ಲೈಸೆನ್ಸಿಗೆ ಹಣ ಕಟ್ಟುತ್ತ ಬಂದ ಹುವಾವೇ 2021ರಲ್ಲಿ ತನ್ನದೇ ದರಪಟ್ಟಿ ಹೊರಡಿಸಿತು. ನೀನು ಈಗ ಕಟ್ಟುವ ಕಡೆ ಕೂರಲಿರುವೆಯೋ ಕೇಳುವ ಕಡೆಯೋ ಅಕ್ಕ ಸರಿಯಾಗಿ ಹೇಳಲಿಲ್ಲ. ಯಾವ ಕಡೆಯಾದರೂ ಆಗಲಿ, ಬೇರೆ ಕಡೆಯೂ ಒಂದು ದಿನ ಬರುತ್ತದೆ.

ದರಪಟ್ಟಿ ಎಂದೆನಲ್ಲ, ಅದನ್ನೊಮ್ಮೆ ಪೆನ್ನು ಹಿಡಿದು ಕೂಡಿಸು. 5ಜಿ ಫೋನಿಗೆ ಎರಿಕ್ಸನ್ ಹೇಳಿದ್ದು ದುಬಾರಿ ಫೋನಾದರೆ 5 ಡಾಲರ್, ಅಗ್ಗದ್ದಾದರೆ 2.5ರವರೆಗೆ ಇಳಿಯುತ್ತೇನೆ ಎಂದು. ನೋಕಿಯಾ ಹೇಳಿದ್ದು ಹೆಚ್ಚೆಂದರೆ 3 ಯೂರೋ. ಹುವಾವೇ ಹೆಚ್ಚೆಂದರೆ 2.5 ಡಾಲರ್. ಕ್ವಾಲ್‌ಕಾಮ್ ಮಾತ್ರ ಫೋನಿನ ಬೆಲೆಯ ಮೇಲೆ ಶೇಕಡಾ 3.25, ಅದೂ 400 ಡಾಲರ್ ಬೆಲೆಯವರೆಗೆ ಮಾತ್ರ ಲೆಕ್ಕ. ಕಾರ್ಖಾನೆಯಿಂದ 10,000 ರೂಪಾಯಿಗೆ ಹೊರಡುವ ಫೋನು ಹಿಡಿ. ಕ್ವಾಲ್‌ಕಾಮ್ ಒಂದಕ್ಕೇ 325 ರೂಪಾಯಿ. ಉಳಿದ ಮೂವರದ್ದು ಪಟ್ಟಿಯ ಪ್ರಕಾರ ಒಬ್ಬೊಬ್ಬರದ್ದೂ ಸುಮಾರು ಇನ್ನೂರರಿಂದ ಮುನ್ನೂರು. ನಾಲ್ಕೇ ಮನೆಗೆ ಸುಮಾರು ಸಾವಿರ ರೂಪಾಯಿ ಆಯಿತು, ಬಾಗಿಲಲ್ಲಿ ಇನ್ನೂ ಹತ್ತಾರು ಮನೆಯವರು ನಿಂತಿದ್ದಾರೆ. ಪಟ್ಟಿಯಲ್ಲಿದ್ದಷ್ಟನ್ನೇ ಎಲ್ಲರೂ ಕಟ್ಟುವುದಿಲ್ಲ, ಮಾತುಕತೆಯಲ್ಲಿ ಇಳಿಯುತ್ತದೆ; ಇಳಿಸುವುದಕ್ಕೇ ನೀನಿರುವುದು. ಆದರೆ ಒಬ್ಬನೇ ಬಂದು "ನನ್ನದು ಬರೀ ಎರಡು ಪರ್ಸೆಂಟ್" ಎಂದಾಗ ಈ ಸಾಲು ನಿನ್ನ ಕಣ್ಣ ಮುಂದೆ ಇರಲಿ. ಕೇಳುವ ಕಡೆ ನೀನೇ ಇದ್ದರಂತೂ ಇನ್ನೂ ಚೆನ್ನಾಗಿ ಇರಲಿ. ಎಲ್ಲರೂ ನಿನ್ನಷ್ಟೇ ಕೇಳಿದರೆ ಆ ಫೋನು ಅಂಗಡಿಗೆ ಬರುತ್ತದೆಯೇ?

ಹೀಗೆ ಕೇಳಿಕೊಳ್ಳದೆ ಕೆಟ್ಟ ಒಂದು ದೊಡ್ಡ ಕೇಳಿಕೆಯ ಕಥೆ ಇದೆ. 2010ರ ಅಕ್ಟೋಬರಿನಲ್ಲಿ ಮೋಟೊರೋಲಾ ಮೈಕ್ರೋಸಾಫ್ಟ್‌ಗೆ ಪತ್ರ ಬರೆಯಿತು: ನಿಮ್ಮ ಎಕ್ಸ್‌ಬಾಕ್ಸ್ ಆಟದ ಯಂತ್ರದಲ್ಲಿ ನಮ್ಮ ವೈ-ಫೈ ಪೇಟೆಂಟ್ ಇದೆ, ಅದರಲ್ಲೂ ವಿಂಡೋಸ್ ಕಂಪ್ಯೂಟರುಗಳಲ್ಲೂ ನಮ್ಮ ವಿಡಿಯೋ ಪೇಟೆಂಟ್ ಇದೆ, ಮಾರುವ ಬೆಲೆಯ ಮೇಲೆ ಶೇಕಡಾ 2.25 ಕೊಡಿ. ಮೈಕ್ರೋಸಾಫ್ಟ್ ಲೆಕ್ಕ ಹಾಕಿದಾಗ ಅದು ವರ್ಷಕ್ಕೆ 400 ಕೋಟಿ ಡಾಲರ್ ದಾಟುತ್ತಿತ್ತು. ಸಿಯಾಟಲ್‌ನ ನ್ಯಾಯಾಧೀಶ ಜೇಮ್ಸ್ ರೋಬಾರ್ಟ್ ಸಾಕ್ಷಿ ಕೇಳಿ, ಒಂದೊಂದು ಪೇಟೆಂಟಿನ ತೂಕ ನೋಡಿ, 2013ರ ಏಪ್ರಿಲಿನಲ್ಲಿ ಬರೆದ ತೀರ್ಪಿನಲ್ಲಿ ವೈ-ಫೈಗೆ ಒಂದು ಎಕ್ಸ್‌ಬಾಕ್ಸ್‌ಗೆ 3.471 ಸೆಂಟ್, ವಿಡಿಯೋಗೆ ಒಂದಕ್ಕೆ 0.555 ಸೆಂಟ್ ಎಂದರು. ಎಲ್ಲ ಸೇರಿ ವರ್ಷಕ್ಕೆ ಸುಮಾರು 18 ಲಕ್ಷ ಡಾಲರ್. ಅಷ್ಟಕ್ಕೆ ಮುಗಿಯಲಿಲ್ಲ, ಕೊಟ್ಟ ಮಾತು ಮುರಿದದ್ದಕ್ಕೆ ಮೋಟೊರೋಲಾವೇ 1.45 ಕೋಟಿ ಡಾಲರ್ ಪರಿಹಾರ ಕೊಡಬೇಕೆಂದು ಜ್ಯೂರಿ ಹೇಳಿತು. ಕೇಳಿಕೆಯ ಪತ್ರ ಬರೆಯುವ ದಿನ ನಿನಗೆ ಬಂದಾಗ ಈ ಅಂಕಿಗಳನ್ನು ಗೋಡೆಗೆ ಅಂಟಿಸಿಕೋ. ಅಂಥ ಪತ್ರವನ್ನು ಬರೆದವರು ದಡ್ಡರಲ್ಲ. ಎದುರಿಗೆ ಕೂತು ಅದನ್ನೇ ಓದಿಕೊಂಡಿದ್ದರೆ ಅದನ್ನು ಕಳಿಸುತ್ತಿರಲಿಲ್ಲ ಎಂದು ನನ್ನ ಅನಿಸಿಕೆ.

ಇನ್ನು ಕಟ್ಟುವವರ ತಪ್ಪು. ಇದನ್ನು ಹೇಳುವಾಗ ನನ್ನ ಗಂಟಲು ಕಟ್ಟುತ್ತದೆ, ಏಕೆಂದರೆ ಆ ತಪ್ಪನ್ನು ನಾನೇ ಮಾಡಿದ್ದೇನೆ.

ನಾನು ಮೊದಲು ಇದ್ದದ್ದು ಒಂದು ಮೊಬೈಲ್ ಕಂಪನಿಯಲ್ಲಿ. ಹೆಸರು ಬೇಡ. ಹೊರಗಿನಿಂದ ಹ್ಯಾಂಡ್‌ಸೆಟ್ ತರಿಸಿ ನಮ್ಮ ಹೆಸರು ಒತ್ತಿ ಮಾರುತ್ತಿದ್ದೆವು. ಒಂದು ದಿನ ಪೇಟೆಂಟ್ ಇದ್ದವರಿಂದ ಪತ್ರ ಬಂತು. "ಟೈಮ್ ಸಿಗೋ ಹಾಗೆ ಉತ್ತರ ಬರಿ" ಎಂದು ಮೇಲಿನವರು ಅಂದರು. ನಾನು ಬರೆದೆ. ಮೊದಲ ಉತ್ತರದಲ್ಲಿ ಪೇಟೆಂಟುಗಳ ಪಟ್ಟಿ ಕೇಳಿದೆ. ಪಟ್ಟಿ ಬಂತು. ಪಟ್ಟಿ ಉದ್ದವಾಗಿದೆ, ಯಾವುದು ನಮಗೆ ಹತ್ತುತ್ತದೆ ತೋರಿಸಿ ಎಂದೆ. ತೋರಿಸುತ್ತೇವೆ, ಗುಟ್ಟಿನ ಕರಾರಿಗೆ ಸಹಿ ಮಾಡಿ ಎಂದರು. ಕರಾರಿನ ಒಂದು ಸಾಲಿನ ಮೇಲೆ ತಕರಾರು ತೆಗೆದೆ. ಆಮೇಲೆ ಸಹಿ ಮಾಡುವ ಅಧಿಕಾರಿ ಬದಲಾಗಿದ್ದಾರೆ ಎಂದು ಬರೆದೆ. ಹತ್ತೊಂಬತ್ತು ತಿಂಗಳು ಹೀಗೆ ನಡೆಯಿತು. ಪ್ರತಿ ಪತ್ರವೂ ಚೆಂದದ ಇಂಗ್ಲಿಷಿನಲ್ಲಿತ್ತು, ಪ್ರತಿಯೊಂದಕ್ಕೂ ನನಗೆ ಶಹಬ್ಬಾಸ್ ಸಿಕ್ಕಿತು. ಒಂದು ಬೆಳಿಗ್ಗೆ ಕೋರ್ಟಿನ ಆದೇಶ ಬಂತು, ದೀಪಾವಳಿಗೆಂದು ಬಂದ ಮಾಲು ವಿಮಾನ ನಿಲ್ದಾಣದಲ್ಲೇ ನಿಂತಿತು. ಬೀದರಿನ ಒಬ್ಬ ಅಂಗಡಿಯವನು ನನ್ನ ಮುಖ ನೋಡಿ ಮುಂಗಡ ಕಟ್ಟಿದ್ದ. ಹಬ್ಬ ಮುಗಿದ ಮೇಲೆ ಅವನ ಅಂಗಡಿಗೆ ಹೋದೆ. ಖಾಲಿ ಗಾಜಿನ ಪೆಟ್ಟಿಗೆಯ ಹಿಂದೆ ಕೂತಿದ್ದ. ಚಹಾ ತರಿಸಿದ, ಒಂದು ಮಾತೂ ಆಡಲಿಲ್ಲ. ಕೊನೆಗೆ ನಮ್ಮ ಕಂಪನಿ ಹಳೆಯ ಮಾರಾಟಕ್ಕೂ ಸೇರಿಸಿ ಕಟ್ಟಿತು, ವಕೀಲರ ಹಣ ಬೇರೆ. ಮೊದಲ ವಾರದಲ್ಲೇ ಕೂತು ಮಾತಾಡಿದ್ದರೆ ಅದರ ಅರ್ಧಕ್ಕೆ ಮುಗಿಯುತ್ತಿತ್ತು ಎಂದು ನನಗೆ ಅಂದೂ ಗೊತ್ತಿತ್ತು. ಗೊತ್ತಿದ್ದೂ ಬರೆದೆ.

ಇದು ನಮ್ಮೊಬ್ಬರ ಕಥೆಯಲ್ಲ. ಎರಿಕ್ಸನ್ 2013ರ ಮಾರ್ಚಿನಲ್ಲಿ ದೆಹಲಿ ಹೈಕೋರ್ಟಿನಲ್ಲಿ ಮೈಕ್ರೋಮ್ಯಾಕ್ಸ್ ಮೇಲೆ ದಾವೆ ಹೂಡಿದಾಗಿನಿಂದ ನಮ್ಮ ದೇಶದಲ್ಲಿ ಈ ಜಗಳಗಳು ಬಯಲಿಗೆ ಬಂದವು. ಆಮೇಲೆ ಇಂಟೆಕ್ಸ್, ಲಾವಾ. ಲಾವಾ ದಾವೆಯಲ್ಲಿ 2024ರ ಮಾರ್ಚಿನಲ್ಲಿ ತೀರ್ಪು ಬಂತು. ಎರಿಕ್ಸನ್ ಮುಂದಿಟ್ಟ ಎಂಟು ಪೇಟೆಂಟುಗಳಲ್ಲಿ ಒಂದು ಬಿದ್ದುಹೋಯಿತು, ಏಳು ನಿಂತವು. ಲಾವಾ ಲೈಸೆನ್ಸ್ ಪಡೆಯಲು ಮನಸ್ಸಿಲ್ಲದೆ ಮಾತುಕತೆಯನ್ನು ಎಳೆಯಿತು ಎಂದು ಕೋರ್ಟು ಕಂಡಿತು. ಕೊಡಬೇಕೆಂದು ಹೇಳಿದ ಪರಿಹಾರ 244 ಕೋಟಿ ರೂಪಾಯಿ. ಲೆಕ್ಕ ಹಾಕಿದ್ದು ಒಳಗಿನ ಚಿಪ್ಪಿನ ಬೆಲೆಯ ಮೇಲಲ್ಲ, ಇಡೀ ಫೋನಿನ ಮಾರಾಟ ಬೆಲೆಯ ಮೇಲೆ. ಚಿಪ್ಪಿನ ಮೇಲೋ ಫೋನಿನ ಮೇಲೋ ಎಂಬ ಈ ಒಂದು ಪ್ರಶ್ನೆಯಲ್ಲೇ ನಿನ್ನ ಮಾತುಕತೆಯ ಅರ್ಧ ಹೊತ್ತು ಹೋಗುತ್ತದೆ. ಪರ್ಸೆಂಟಿನ ಅಂಕಿ ಚಿಕ್ಕದಾಗಿ ಕಂಡರೂ ಯಾವುದರ ಪರ್ಸೆಂಟು ಎಂದು ಮೊದಲು ಕೇಳು.

ಪತ್ರ ಬಂದಾಗ ಹೇಗೆ ನಡೆಯಬೇಕು ಎಂಬುದಕ್ಕೆ ಯುರೋಪಿನ ಮೇಲ್ಮಟ್ಟದ ಕೋರ್ಟು 2015ರ ಜುಲೈಯಲ್ಲಿ, ಹುವಾವೇ ಮತ್ತು ಝಡ್‌ಟಿಇ ಜಗಳದಲ್ಲಿ, ಒಂದು ಕ್ರಮ ಹಾಕಿಕೊಟ್ಟಿದೆ. ಇಬ್ಬರೂ ಚೀನಾದವರು, ಇಬ್ಬರೂ ಪ್ರತಿಸ್ಪರ್ಧಿಗಳು, ಜಗಳ ಜರ್ಮನಿಯಲ್ಲಿ. ಪೇಟೆಂಟ್ ಇದ್ದವನು ಮೊದಲು ಯಾವ ಹಕ್ಕು, ಎಲ್ಲಿ ಮುರಿದಿದೆ ಎಂದು ತಿಳಿಸಬೇಕು. ಬಳಸುವವನು ಲೈಸೆನ್ಸ್ ಪಡೆಯಲು ಸಿದ್ಧ ಎಂದು ಹೇಳಬೇಕು. ಆಮೇಲೆ ಕೇಳುವವನು ದರವನ್ನೂ ಅದನ್ನು ಹಾಕಿದ ಬಗೆಯನ್ನೂ ಬರೆದು ಕೊಡಬೇಕು. ಒಪ್ಪದಿದ್ದರೆ ಬಳಸುವವನು ತಡಮಾಡದೆ ತನ್ನ ದರ ಬರೆದು ಕೊಡಬೇಕು. ಅದೂ ಒಪ್ಪಿತವಾಗದಿದ್ದರೆ ಬಳಕೆಗೆ ತಕ್ಕ ಠೇವಣಿ ಇಡಬೇಕು. ಹುಮನಾಬಾದಿನ ಅಡತಿ ಅಂಗಡಿಯಲ್ಲಿ ತೊಗರಿ ಸುರಿದ ಮೇಲೆ ತೂಕ ಮಾಡುವವರೆಗೂ ನಡೆಯುವ ಮರ್ಯಾದೆ ಇದಕ್ಕಿಂತ ಬೇರೆಯಲ್ಲ.

ನಿನ್ನ ಬಲ ಇರುವುದು ಓದುವುದರಲ್ಲಿ. ನೀನು ಇಂಜಿನಿಯರ್, ಅದನ್ನು ಬಿಟ್ಟುಕೊಡಬೇಡ. 3ಜಿಪಿಪಿ ಕೂಟದಲ್ಲಿರುವ ಸ್ಟ್ಯಾಂಡರ್ಡಿನ ಸಂಸ್ಥೆ ಎಟ್ಸಿಯ ದಾಖಲೆಯಲ್ಲಿ ಕಂಪನಿಗಳು ತಮ್ಮ ಪೇಟೆಂಟನ್ನು ತಾವೇ ಅನಿವಾರ್ಯ ಎಂದು ಬರೆಸುತ್ತವೆ. ಹೌದೋ ಅಲ್ಲವೋ ಎಂದು ಆ ಸಂಸ್ಥೆ ಪರೀಕ್ಷೆ ಮಾಡುವುದಿಲ್ಲ. ಆದ್ದರಿಂದ ಎದುರಿನವರು "ನಮ್ಮಲ್ಲಿ ಇಷ್ಟು ಸಾವಿರ" ಎಂದರೆ ತಲೆ ತಿರುಗಬಾರದು. ಹತ್ತು ಆರಿಸಿ ಕೊಡಿ ಎನ್ನು. ಪೇಟೆಂಟಿನ ಕ್ಲೇಮನ್ನು ಒಂದು ಕಡೆ, ಸ್ಟ್ಯಾಂಡರ್ಡಿನ ಸಾಲನ್ನು ಇನ್ನೊಂದು ಕಡೆ ಇಟ್ಟು ಪದಕ್ಕೆ ಪದ ಹೋಲಿಸು. ಅದೇ ಕ್ಲೇಮ್ ಚಾರ್ಟ್. ಭಾರತದಲ್ಲಿ ಎಷ್ಟು ನೋಂದಾಗಿವೆ, ಅರ್ಜಿ ಹಾಕಿದ ದಿನದಿಂದ 20 ವರ್ಷದ ಮುದ್ದತು ಯಾವುದಕ್ಕೆ ಮುಗಿಯುತ್ತ ಬಂದಿದೆ ನೋಡು. ಈ ಕೆಲಸವನ್ನು ವಕೀಲರಿಗೆ ಪೂರ್ತಿ ಒಪ್ಪಿಸಿದ ಇಂಜಿನಿಯರುಗಳು ಮೇಜಿನಲ್ಲಿ ಬಾಯಿ ಮುಚ್ಚಿ ಕೂತದ್ದನ್ನು ನಾನು ಬಹಳ ಕಂಡಿದ್ದೇನೆ.

ಮತ್ತೆ ಶಲ್ಯಕ್ಕೆ ಬರುತ್ತೇನೆ. ನಿಮ್ಮ ಕರಾರುಗಳಲ್ಲೂ ದರ ಗುಟ್ಟು. ನಿನ್ನ ಪಕ್ಕದ ಕಂಪನಿ ಎಷ್ಟಕ್ಕೆ ಒಪ್ಪಿತು ಎಂದು ನಿನಗೆ ಗೊತ್ತಾಗುವುದಿಲ್ಲ. ಒಬ್ಬರಿಗೊಂದು ಇನ್ನೊಬ್ಬರಿಗೊಂದು ಮಾಡುವುದಿಲ್ಲ ಎಂಬ ಮಾತು, ಬೆಲೆ ಶಲ್ಯದ ಕೆಳಗೇ ಉಳಿದರೆ ನಿಜವಾಗುವುದು ಹೇಗೆ? ಈ ವ್ಯವಹಾರದಲ್ಲಿ ನನಗೆ ಇನ್ನೂ ಸಮಾಧಾನವಿಲ್ಲದ ಜಾಗ ಇದು. ಕೋರ್ಟು ಈಗ ಗೌಪ್ಯತೆಯ ಕೂಟ ಮಾಡಿ, ಬೇರೆಯವರ ಕರಾರನ್ನು ಆಯ್ದ ವಕೀಲರಿಗೆ, ತಜ್ಞರಿಗೆ ತೋರಿಸುತ್ತದೆ. ದೆಹಲಿ ಹೈಕೋರ್ಟಿನ 2022ರ ಪೇಟೆಂಟ್ ನಿಯಮಗಳಲ್ಲೇ ಅದಕ್ಕೆ ದಾರಿ ಇದೆ. ಆದರೆ ಕೋರ್ಟಿನವರೆಗೆ ಹೋಗಲು ಹಣವಿಲ್ಲದ ಚಿಕ್ಕ ಕಂಪನಿಯವನು ಏನು ಮಾಡಬೇಕು? ಅಂಥವನು ನಿನ್ನ ಎದುರಿಗೆ ಬಂದಾಗ, ಅವನಿಗೆ ಕಾಣದ್ದು ನಿನಗೆ ಕಾಣುತ್ತಿರುತ್ತದೆ. ಆಗ ನೀನು ಹಿಡಿಯುವ ಬೆರಳನ್ನು ನೋಡುವವರು ಯಾರೂ ಇರುವುದಿಲ್ಲ.

ನನಗೂ ಅಂಥ ದಿನ ಬಂತು. ಆ ಕಂಪನಿ ಬಿಟ್ಟು ರಾಯಲ್ಟಿ ಕೇಳುವ ಕಡೆ ಸೇರಿದ ಮೂರನೆಯ ವರ್ಷ ಒಂದು ಚಿಕ್ಕ ಕಂಪನಿಗೆ ಪತ್ರ ಬರೆದೆ. ಉತ್ತರ ಬಂತು: ಸಹಿ ಮಾಡುವ ಅಧಿಕಾರಿ ಬದಲಾಗಿದ್ದಾರೆ. ನನ್ನದೇ ಸಾಲು. ಅದನ್ನು ಬರೆದವನಿಗೆ ನೇರವಾಗಿ ಫೋನ್ ಮಾಡಿದೆ. "ತಮ್ಮಾ, ಈ ಪತ್ರ ನಾನೂ ಬರೆದೀನಿ. ನಿಮಗ ಎಲ್ಲಿ ಕಷ್ಟ ಆಗ್ಯದ, ಅದನ್ನ ಹೇಳು" ಅಂದೆ. ಬಹಳ ಹೊತ್ತು ಸುಮ್ಮನಿದ್ದು, ಹಳೆಯ ಮಾರಾಟದ ಬಾಕಿ ಒಂದೇ ಸಲಕ್ಕೆ ಕಟ್ಟಲಾಗದು ಎಂದ. ಆ ಬಾಕಿಯನ್ನು ಮೂರು ಕಂತು ಮಾಡಿಸಿ, ಅದೇ ಗಾತ್ರದ ಇನ್ನೊಂದು ಕಂಪನಿಗೆ ಹಾಕಿದ ದರವನ್ನೇ ಹಾಕಿಸಿಕೊಟ್ಟೆ. ಐದು ವಾರದಲ್ಲಿ ಸಹಿ ಆಯಿತು.

ಕೂಡಿ ಮಾಡಿದ್ದನ್ನು ನ್ಯಾಯವಾಗಿ ಹಂಚಿಕೊಳ್ಳುವ ಮಾತು ನಮ್ಮ ನೆಲಕ್ಕೆ ಹೊಸದಲ್ಲ ಎಂಬುದನ್ನೂ ತಿಳಿದುಕೊಂಡು ಹೋಗು. ಬಸವಕಲ್ಯಾಣ ಆಗ ಬರೀ ಕಲ್ಯಾಣ, ಚಾಲುಕ್ಯರ ರಾಜಧಾನಿ. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರ ಅಲ್ಲಿ ಮಿತಾಕ್ಷರ ಬರೆದ. ಮನೆಯ ಆಸ್ತಿ ಪಾಲಿಗೆ ಮಾತ್ರ ಅದರ ಹೆಸರು ಹೇಳುತ್ತಾರೆ. ಆದರೆ ಅದು ವ್ಯಾಖ್ಯಾನ ಮಾಡುವ ಯಾಜ್ಞವಲ್ಕ್ಯ ಸ್ಮೃತಿಯಲ್ಲಿ ವ್ಯಾಪಾರಿಗಳು ಕೂಡಿ ಮಾಡುವ ವ್ಯವಹಾರಕ್ಕೂ ಒಂದು ಪ್ರಕರಣ ಇದೆ: ಲಾಭ ನಷ್ಟ ಹಾಕಿದ ಬಂಡವಾಳದ ಪ್ರಕಾರ, ಇಲ್ಲವೇ ಮೊದಲು ಮಾಡಿಕೊಂಡ ಒಪ್ಪಂದದ ಪ್ರಕಾರ. ನಿನ್ನ ಸ್ಟ್ಯಾಂಡರ್ಡೂ ಹಲವರು ಕೂಡಿ ಹಾಕಿದ ಬಂಡವಾಳವೇ.

ಬಂಡವಾಳ ಹಾಕಿದವರ ಸಾಲಿನಲ್ಲಿ ನಮ್ಮವರೂ ಇರಬೇಕು ಎಂಬುದು ನನ್ನ ಆಸೆ. 1984ರಲ್ಲಿ ಹುಟ್ಟಿದ ಸಿ-ಡಾಟ್ ಸಂಸ್ಥೆ ಹಳ್ಳಿಗೆಂದು ಮಾಡಿದ 128 ಲೈನಿನ ಎಕ್ಸ್‌ಚೇಂಜ್ ಮೊದಲು ಕೆಲಸ ಶುರು ಮಾಡಿದ್ದು ನಮ್ಮ ಕಿತ್ತೂರಿನಲ್ಲಿ, 1986ರಲ್ಲಿ. ಬಿಸಿಲು ಧೂಳು ತಾಳುವ, ಏರ್ ಕಂಡಿಷನ್ ಬೇಡದ ಪೆಟ್ಟಿಗೆ. ಅದರ ವಿನ್ಯಾಸವನ್ನು ಸಂಸ್ಥೆ ಒಬ್ಬರಿಗೆ ಕಟ್ಟಿಹಾಕದೆ ಹಲವು ತಯಾರಕರಿಗೆ ಲೈಸೆನ್ಸ್ ಕೊಟ್ಟಿತು. ಪ್ರತಿಸ್ಪರ್ಧಿಗಳು ಒಂದೇ ನಕ್ಷೆ ಹಿಡಿದು ಮಾಡಿದರು, ಹಳ್ಳಿಗಳಿಗೆ ಫೋನು ಬಂತು. ಇತ್ತೀಚೆಗೆ 5ಜಿ ಬಂದಾಗ, ಟವರು ಟವರಿನ ನಡುವೆ 6 ಕಿಲೋಮೀಟರ್ ಇದ್ದರೂ ಸಿಗ್ನಲ್ ಸಿಗಬೇಕು ಎಂದು ಐಐಟಿ ಮದ್ರಾಸ್, ಐಐಟಿ ಹೈದರಾಬಾದಿನವರು ಸೇರಿ ಪಟ್ಟು ಹಿಡಿದರು. ಅದಕ್ಕೆ 5ಜಿಐ ಎಂದು ಹೆಸರಾಯಿತು; 2021ರ ಡಿಸೆಂಬರಿನಲ್ಲಿ 3ಜಿಪಿಪಿಯ ಪುಸ್ತಕದೊಳಗೇ ಅದನ್ನು ಸೇರಿಸಲು ಒಪ್ಪಿಗೆ ಬಿತ್ತು. ನಮ್ಮ ಹೊಲಗಳ ಅಳತೆಯ ಮಾತು ಅದು. ನೀನು ಲೈಸೆನ್ಸಿಂಗ್ ಕಲಿತ ಮೇಲೆ ಆ ಸಭೆಗಳಿಗೂ ಹೋಗು, ಬರೆಯುವವರ ನಡುವೆ ಕೂತುಕೋ.

ನಾಗರ ಪಂಚಮಿಗೆ ಬರುತ್ತೀಯಂತೆ. ಬರುವಾಗ ಎಲ್ಲರಿಗೂ ಸಿಗುವ ಯಾವುದಾದರೂ ಪೇಟೆಂಟ್ ಒಂದನ್ನೂ ಅದಕ್ಕೆ ಹೊಂದುವ ಸ್ಟ್ಯಾಂಡರ್ಡಿನ ಪುಟವನ್ನೂ ಅಚ್ಚು ಹಾಕಿಸಿಕೊಂಡು ಬಾ. ಆಫೀಸಿನ ಕಾಗದ ಒಂದೂ ಬೇಡ. ಅಕ್ಕ ಉಂಡಿ ಕಟ್ಟುವಷ್ಟರಲ್ಲಿ ನಾವು ಕಟ್ಟೆಯ ಮೇಲೆ ಕೂರೋಣ. ಮೊದಲ ದಿನ ನಾನು ಕೇಳುವವನು, ನೀನು ಕಟ್ಟುವವಳು. ಮರುದಿನ ನೀನು ನನ್ನ ಜಾಗಕ್ಕೆ ಬಾ, ನಾನು ನಿನ್ನ ಜಾಗಕ್ಕೆ ಬರುತ್ತೇನೆ. ಕಾಗದ ಅದೇ ಇರಲಿ. ಅಜ್ಜನ ಶಲ್ಯ ಟ್ರಂಕಿನಲ್ಲಿ ಇನ್ನೂ ಇದೆ, ತೆಗೆದಿಡುತ್ತೇನೆ.